ಮಿದುಳಿನಿಂದ ಓಡುವ ವೀಲ್‌ಚೇರ್: ಹೊರಟದ್ದು ನೋಡಿದೆವು, ನಿಂತದ್ದು ತೋರಿಸಿ

ಕತ್ತಿನಿಂದ ಕೆಳಗೆ ಸ್ವಾಧೀನ ಕಳೆದುಕೊಂಡವರಿರುವ ಮನೆಗೆ ಯಾರಾದರೊಬ್ಬರು ಆ ವಿಡಿಯೊ ಕಳಿಸಿಯೇ ಕಳಿಸುತ್ತಾರೆ. ತಲೆಗೆ ಜೇಡನ ಕಾಲಿನಂಥ ಪಟ್ಟಿ ಹಾಕಿಕೊಂಡವರು ಸುಮ್ಮನೆ ಕೂತಿರುತ್ತಾರೆ, ವೀಲ್‌ಚೇರ್ ತಾನಾಗಿ ಮುಂದೆ ಹೋಗುತ್ತದೆ, ಸುತ್ತಲೂ ಚಪ್ಪಾಳೆ. ವಿಡಿಯೊ ಅಲ್ಲಿಗೆ ಮುಗಿಯುತ್ತದೆ. ಕುರ್ಚಿ ನಿಂತದ್ದು ಹೇಗೆ ಅನ್ನುವುದು ಮಾತ್ರ ಅದರಲ್ಲಿ ಇರುವುದಿಲ್ಲ. ಈ ವಿಮರ್ಶೆ ಹೆಚ್ಚಾಗಿ ಆ ಕತ್ತರಿಸಿದ ತುಣುಕಿನ ಬಗ್ಗೆ.

ಅಂಗಡಿಗೆ ಹೋಗಿ ‘ಮಿದುಳಿನ ವೀಲ್‌ಚೇರ್ ಒಂದು ಕೊಡಿ’ ಅಂದರೆ ಎತ್ತಿಕೊಡುವಂಥ ಸಾಮಾನು ಇನ್ನೂ ಇಲ್ಲ. ಮಾರುವವರು ಕೊಡುವುದು ನಾಲ್ಕು ಭಾಗಗಳನ್ನು ಸೇರಿಸಿದ ಜೋಡಣೆ. ನೆತ್ತಿಯ ಮೇಲಿಂದ ಮಿದುಳಿನ ವಿದ್ಯುತ್ ಅಲೆ, ಅಂದರೆ ಇಇಜಿ, ಹಿಡಿಯುವ ಹೆಡ್‌ಸೆಟ್ ಒಂದು. ಆ ಅಲೆಯನ್ನು ‘ಮುಂದೆ’, ‘ಎಡಕ್ಕೆ’ ಎಂದು ಬಿಡಿಸಿ ಓದುವ ಲ್ಯಾಪ್‌ಟಾಪ್ ಅಥವಾ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇನ್ನೊಂದು. ಅದನ್ನು ಕುರ್ಚಿಯ ಕಂಟ್ರೋಲರ್‌ಗೆ ದಾಟಿಸುವ ಸರ್ಕ್ಯೂಟ್ ಮೂರನೆಯದು. ಕೊನೆಗೆ ಮಾಮೂಲಿ ಎಲೆಕ್ಟ್ರಿಕ್ ವೀಲ್‌ಚೇರ್: 24 ವೋಲ್ಟ್, ಎರಡು ಮೋಟರ್, ಹೆಚ್ಚೆಂದರೆ ಗಂಟೆಗೆ 6 ಕಿ.ಮೀ. ನಾಲ್ಕರಲ್ಲಿ ಕುರ್ಚಿ ನಂಬಿಕಸ್ತ, ಕಂಪ್ಯೂಟರ್ ಪರವಾಗಿಲ್ಲ, ಸರ್ಕ್ಯೂಟ್ ಮಾಡಿದವರ ಕೈಗುಣ, ಹೆಡ್‌ಸೆಟ್ ದಿನಕ್ಕೊಂದು ಬಣ್ಣ.

ಎಲ್ಲಕ್ಕಿಂತ ಅಗ್ಗದ್ದು ನ್ಯೂರೋಸ್ಕೈ ಕಂಪನಿಯ ಮೈಂಡ್‌ವೇವ್ ಹಾಕಿ ಮಾಡಿದ ಕುರ್ಚಿ. ಎಂಜಿನಿಯರಿಂಗ್ ಕಾಲೇಜುಗಳ ಕೊನೇ ವರ್ಷದ ಪ್ರಾಜೆಕ್ಟ್‌ಗಳಲ್ಲಿ ಪದೇ ಪದೇ ಕಾಣುವ ಹೆಡ್‌ಸೆಟ್ ಇದು. ಹಣೆಯ ಎಡಗಡೆ ಒಂದೇ ಒಂದು ಒಣ ಸೆನ್ಸರ್, ಕಿವಿಗೆ ಒಂದು ಕ್ಲಿಪ್, ಒಂದು ಎಎಎ ಸೆಲ್. ಅದು ‘ಗಮನ’, ‘ನೆಮ್ಮದಿ’ ಎಂದು ಎರಡು ಅಂಕಗಳನ್ನು 0ರಿಂದ 100ರ ಅಳತೆಯಲ್ಲಿ ಸೆಕೆಂಡಿಗೊಮ್ಮೆ ಕೊಡುತ್ತದೆ, ಕಣ್ಣು ಮಿಟುಕಿಸಿದ್ದನ್ನೂ ಹಿಡಿಯುತ್ತದೆ. ಪ್ರೋಗ್ರಾಂ ಸಾಮಾನ್ಯವಾಗಿ ಹೀಗಿರುತ್ತದೆ: ಗಮನ 60 ದಾಟಿದರೆ ಮುಂದೆ, ಎರಡು ಸಲ ಮಿಟುಕಿಸಿದರೆ ಬಲಕ್ಕೆ, ಮೂರು ಸಲವಾದರೆ ಎಡಕ್ಕೆ, ಗಮನ ಇಳಿದರೆ ನಿಲ್ಲು. ಈ ಕೊನೆಯ ಮಾತನ್ನು ಇನ್ನೊಮ್ಮೆ ಓದಿ. ಎದುರಿಗೆ ಮಗು ಅಡ್ಡ ಬಂದಾಗ ಯಾರಾದರೂ ಗಮನ ಇಳಿಸಿಕೊಂಡು ನೆಮ್ಮದಿಯಾಗಿ ಕೂರಲು ಆಗುತ್ತದೆಯೇ? ನಿಲ್ಲಿಸಲೇಬೇಕು ಎಂದು ಎದೆ ಹೊಡೆದುಕೊಳ್ಳುವ ಹೊತ್ತಿಗೆ ಸರಿಯಾಗಿ ಈ ಕುರ್ಚಿ ‘ಆರಾಮಾಗಿರು, ಆಗ ನಿಲ್ಲುತ್ತೇನೆ’ ಅನ್ನುತ್ತದೆ. ಇನ್ನು ಮಿಟುಕು ಮಿದುಳಿನ ಅಲೆಯೇ ಅಲ್ಲ, ಕಣ್ಣು-ರೆಪ್ಪೆಯ ಚಲನೆಯಿಂದ ಬರುವ ವಿದ್ಯುತ್ತು. ಅಡುಗೆಮನೆಯಲ್ಲಿ ಒಗ್ಗರಣೆ ಘಾಟು ಎದ್ದರೆ ಕುರ್ಚಿ ಎಡಕ್ಕೂ ಬಲಕ್ಕೂ ಒದ್ದಾಡುತ್ತದೆ.

ಇಂಥ ಪ್ರಾಜೆಕ್ಟ್ ಕುರ್ಚಿಗಳಲ್ಲಿ ಇನ್ನೊಂದು ತೊಂದರೆ ಕೆಳಗಿರುತ್ತದೆ. ಕಾರಿನ ವೈಪರ್ ಮೋಟರ್‌ಗೆ ರಿಲೇ ಎಂಬ ವಿದ್ಯುತ್ ಸ್ವಿಚ್ ಜೋಡಿಸಿರುತ್ತಾರೆ. ಇದ್ದರೆ ಪೂರ್ತಿ ವೇಗ, ಇಲ್ಲದಿದ್ದರೆ ಸೊನ್ನೆ. ಕೂತವರ ಕತ್ತು ಪ್ರತಿ ಸಲವೂ ಜಗ್ಗುತ್ತದೆ. ಕಂಪನಿ ಕುರ್ಚಿಯ ಮೋಟರಿನ ಹಿಂದೆ ಇರುವ ಎಲೆಕ್ಟ್ರೋಮ್ಯಾಗ್ನೆಟಿಕ್ ಬ್ರೇಕ್ ಇದರಲ್ಲಿ ಇರುವುದಿಲ್ಲ. ಎಕ್ಸಿಬಿಷನ್ನಿಗೆ ಚೆಂದ, ಮಾರ್ಕ್ಸ್ ಕೊಡಿ, ಮನುಷ್ಯರನ್ನು ಕೂರಿಸಬೇಡಿ.

ಮುಂದಿನ ಮೆಟ್ಟಿಲು ಇಮೋಟಿವ್ ಕಂಪನಿಯ ಎಪಾಕ್ ಎಕ್ಸ್. ಬೆಲೆ ಸಾವಿರ ಡಾಲರ್ ಆಸುಪಾಸು, ಸಾಗಾಣಿಕೆ, ಕಸ್ಟಮ್ಸ್ ಬೇರೆ. ಕಂಪನಿಯೇ ಇದನ್ನು ಸಂಶೋಧನೆಗೆ ಮತ್ತು ಸ್ವಂತ ಬಳಕೆಗೆ ಎಂದು ಮಾರುತ್ತದೆ, ವೈದ್ಯಕೀಯ ಉಪಕರಣ ಎಂದು ಅಲ್ಲ. ಇದನ್ನು ವೀಲ್‌ಚೇರ್‌ಗೆ ಕಟ್ಟಿ ಮಾರುವವರು ಈ ಮಾತನ್ನು ನುಂಗಿಬಿಡುತ್ತಾರೆ. ಇದರಲ್ಲಿ 14 ಸೆನ್ಸರ್ ಇವೆ, ಪ್ರತಿಯೊಂದರ ತುದಿಗೂ ಉಪ್ಪುನೀರು ಕುಡಿಸಿದ ಸಣ್ಣ ಫೆಲ್ಟ್ ಬಿಲ್ಲೆ. ತಂತ್ರಾಂಶದಲ್ಲಿ ಮೊದಲು ‘ನ್ಯೂಟ್ರಲ್’ ಅಂದರೆ ಏನೂ ಅಂದುಕೊಳ್ಳದ ಸ್ಥಿತಿಯನ್ನು 8 ಸೆಕೆಂಡ್ ದಾಖಲಿಸಬೇಕು. ಆಮೇಲೆ ‘ತಳ್ಳು’ ಎಂಬ ಆಜ್ಞೆಗೆ 8 ಸೆಕೆಂಡ್ ಒಂದೇ ಯೋಚನೆ. ಹೀಗೆ ಬದಲಿಸಿ ಬದಲಿಸಿ ಹತ್ತಾರು ಸಲ. ಒಟ್ಟಿಗೆ ನಾಲ್ಕು ಆಜ್ಞೆವರೆಗೆ ಬಳಸಬಹುದು ಎಂದು ಹೇಳಿದ್ದರೂ ಎರಡಕ್ಕೆ ನಿಲ್ಲಿಸುವುದು ಜಾಣತನ. ಮೂರನೆಯದನ್ನು ಕಲಿಸಿದ ಕೂಡಲೇ ಮೊದಲೆರಡು ಒಂದರೊಳಗೊಂದು ಬೆರೆಯತೊಡಗುತ್ತವೆ.

ಈ ಹೆಡ್‌ಸೆಟ್‌ನ ನಿಜವಾದ ಮಿತಿ ಅದರ ಸೆನ್ಸರ್‌ಗಳು ಕೂರುವ ಜಾಗದಲ್ಲಿದೆ. ಕೈ ಆಡಿಸುತ್ತಿದ್ದೇನೆ ಎಂದು ಎಣಿಸಿಕೊಂಡಾಗ, ಕೈ ಆಡದಿದ್ದರೂ, ನೆತ್ತಿಯ ಎಡಬಲದಲ್ಲಿ 8ರಿಂದ 12 ಹರ್ಟ್ಸ್‌ನ ಒಂದು ಅಲೆ ತಗ್ಗುತ್ತದೆ. ಇಇಜಿ ಲೆಕ್ಕದಲ್ಲಿ ಆ ಜಾಗಗಳ ಹೆಸರು ಸಿ3 ಮತ್ತು ಸಿ4. ಕಾಲಿಗೆ ನಡುನೆತ್ತಿಯ ಸಿಝಡ್. ಎಪಾಕ್‌ನ 14ರಲ್ಲಿ ಈ ಮೂರರಲ್ಲಿ ಒಂದೂ ಇಲ್ಲ! ಹತ್ತಿರದ್ದು ಎಫ್‌ಸಿ5, ಎಫ್‌ಸಿ6, ಅವೂ ಮುಂದಕ್ಕೆ, ಪಕ್ಕಕ್ಕೆ ಸರಿದಿವೆ. ಬದಲಿಗೆ ಹಣೆ ಮತ್ತು ಕಣತಲೆಯ ಸುತ್ತ ಸೆನ್ಸರ್ ದಂಡಿಯಾಗಿವೆ. ಅಲ್ಲಿ ಸ್ನಾಯುಗಳಿವೆ. ಮಿದುಳಿನ ಅಲೆ ನೆತ್ತಿಗೆ ಬರುವಾಗ ಹತ್ತರಿಂದ ನೂರು ಮೈಕ್ರೋವೋಲ್ಟ್ ಆಸುಪಾಸು. ಹುಬ್ಬು ಗಂಟಿಕ್ಕಿದರೆ, ದವಡೆ ಕಚ್ಚಿದರೆ ಅದನ್ನು ಮುಳುಗಿಸುವಷ್ಟು ದೊಡ್ಡ ಸದ್ದು ಬರುತ್ತದೆ. ‘ತಳ್ಳು’ ಎಂದು ಗಟ್ಟಿಯಾಗಿ ಯೋಚಿಸುವವರು ತಮಗೇ ಗೊತ್ತಿಲ್ಲದೆ ಹುಬ್ಬು ಬಿಗಿಯುತ್ತಾರೆ. ತಂತ್ರಾಂಶ ಕಲಿಯುವುದು ಆ ಬಿಗಿತವನ್ನು. ಎಲ್ಲರೂ ಖುಷಿಯಾಗಿ ಅದನ್ನೇ ಮಿದುಳು ಅನ್ನುತ್ತಾರೆ.

ಪರೀಕ್ಷಿಸಲು ದೊಡ್ಡ ವಿದ್ಯೆ ಬೇಡ. ಸೆನ್ಸರ್‌ಗಳ ಕಚ್ಚಾ ಗೆರೆಗಳನ್ನು ಪರದೆಯ ಮೇಲೆ ಹಾಕಿಸಿ. ಎಪಾಕ್‌ನಲ್ಲಿ ಇದಕ್ಕೆ ಬೇರೆ ಚಂದಾ ಕಟ್ಟಬೇಕು, ಮಾರುವವರ ಹತ್ತಿರ ಇರಲೇಬೇಕು. ಕೂತವರಿಗೆ ಹತ್ತು ಸೆಕೆಂಡ್ ಕಣ್ಣು ಮುಚ್ಚಲು ಹೇಳಿ. ಹಿಂದಲೆಯ ಓ1, ಓ2 ಗೆರೆಗಳಲ್ಲಿ ಸೆಕೆಂಡಿಗೆ ಸುಮಾರು ಹತ್ತರಂತೆ ನುಣುಪಾದ ಅಲೆ ಎದ್ದು, ಕಣ್ಣು ಬಿಟ್ಟೊಡನೆ ತಗ್ಗಬೇಕು. ಅಪರೂಪಕ್ಕೆ ಕೆಲವರಲ್ಲಿ ಈ ಅಲೆ ಹುಟ್ಟಿನಿಂದಲೇ ಸಣ್ಣದು. ಉಳಿದವರಲ್ಲಿ ಅದು ಏಳದಿದ್ದರೆ ಸೆನ್ಸರ್ ಸರಿಯಾಗಿ ಕೂತಿಲ್ಲ, ಮುಂದಿನ ಯಾವ ಡೆಮೊವನ್ನೂ ನಂಬಬೇಡಿ. ಆಮೇಲೆ ದವಡೆ ಕಚ್ಚಲು ಹೇಳಿ. ಹಣೆಯ ಪಕ್ಕದ, ಕಿವಿಯ ಮೇಲಿನ ಎಫ್7, ಟಿ7 ಗೆರೆಗಳು ದಟ್ಟ ಹುಲ್ಲಿನ ಹಾಗೆ ಕಪ್ಪಾಗುತ್ತವೆ. ಈಗ ‘ತಳ್ಳು’ ಅಂದುಕೊಳ್ಳಲಿ. ಆಗಲೂ ಅದೇ ಹುಲ್ಲು ಕಂಡರೆ ಕುರ್ಚಿ ಓಡುತ್ತಿರುವುದು ಸ್ನಾಯುವಿನಿಂದ. ಅದರಲ್ಲಿ ಮೋಸವೇನೂ ಇಲ್ಲ, ಚಲಿಸುವ ಸ್ನಾಯು ಇದ್ದರೆ ಭಾಗ್ಯ. ಆದರೆ ಹುಬ್ಬಿನಿಂದಲೇ ನಡೆಸುವುದಾದರೆ ಒಂದು ಸ್ನಾಯು ಸೆನ್ಸರ್, ಒಂದು ಸ್ವಿಚ್ ಸಾಕು. 14 ಬಿಲ್ಲೆ ನೆನೆಸುವ ಗೋಳು ಯಾಕೆ?

ಆ ನೆನೆಸುವ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಈ ಸಾಧನ ಮನೆಯಲ್ಲಿ ಉಳಿಯುತ್ತದೋ ಅಟ್ಟ ಸೇರುತ್ತದೋ ತೀರ್ಮಾನ ಆಗುವುದು ಅಲ್ಲೇ. ಬಿಲ್ಲೆಗೆ ಹಾಕಬೇಕಾದ್ದು ಕಾಂಟ್ಯಾಕ್ಟ್ ಲೆನ್ಸ್ ದ್ರಾವಣ ಅಥವಾ ಮೆಡಿಕಲ್ ಶಾಪಿನ 0.9 ಪರ್ಸೆಂಟ್ ಸಲೈನ್. ನಲ್ಲಿ ನೀರಿಗೆ ಅಡುಗೆ ಉಪ್ಪು ಕಲಸಿ ಹಾಕಿದರೆ ಸೆನ್ಸರಿನ ತಗಡಿಗೆ ಹಸಿರು ಕಿಲುಬು ಬೇಗ ಹಿಡಿಯುತ್ತದೆ. ಬಿಲ್ಲೆಗೆ ಐದಾರು ಹನಿ. ಹೆಚ್ಚಾದರೆ ಪಕ್ಕದ ಸೆನ್ಸರ್‌ವರೆಗೆ ಹರಿದು ಎರಡೂ ಒಂದೇ ಗೆರೆ ತೋರಿಸುತ್ತವೆ. ಮುಂದಿನ ಎರಡು ಸೆನ್ಸರ್ ಹುಬ್ಬಿನಿಂದ ಮೂರು ಬೆರಳು ಮೇಲೆ ಕೂರಬೇಕು. ಒಂದು ಸೆಂಟಿಮೀಟರ್ ಜಾರಿದರೂ ಬೆಳಗ್ಗೆ ಕಲಿಸಿದ್ದು ಸಂಜೆಗೆ ಮರೆತುಹೋಗುತ್ತದೆ. ಪ್ರತಿ ಬಿಲ್ಲೆಯ ಕೆಳಗೆ ಬೆರಳಿನಿಂದ ಕೂದಲು ಬಿಡಿಸಿ ಚರ್ಮ ಕಾಣುವಂತೆ ಮಾಡಬೇಕು. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ದಿನ ಪರದೆಯಲ್ಲಿ ಯಾವ ಸೆನ್ಸರೂ ಹಸಿರಿಗೆ, ಅಂದರೆ ಸರಿಯಾಗಿ ತಾಗಿದ ಗುರುತಿಗೆ, ಬರುವುದಿಲ್ಲ. ಶಾಂಪೂ ಹಾಕಿ ತೊಳೆದು, ಪೂರ್ತಿ ಒಣಗಿದ ಮೇಲೆಯೇ. ಹಣೆಗೆ ವಿಭೂತಿ, ಗಂಧ ಇಡುವವರು ಅದನ್ನು ಒರೆಸಿಕೊಳ್ಳಬೇಕು. ಹಿಂದಲೆಯ ತುರುಬು ಓ1, ಓ2 ಎರಡನ್ನೂ ಎತ್ತಿಬಿಡುತ್ತದೆ. ಇಷ್ಟೂ ಕೆಲಸ ಕೂತವರ ಕೈಯಲ್ಲಿ ಆಗದು, ಮನೆಯವರೇ ಮಾಡಬೇಕು. ರಾತ್ರಿ ಬಿಲ್ಲೆ ಬಿಚ್ಚಿ ಒಣಗಿಸಿ ಇಡದಿದ್ದರೆ ಒಂದೆರಡು ವಾರದಲ್ಲಿ ಕಿಲುಬು ಕಾಣುತ್ತದೆ. ನೇರ ಫ್ಯಾನಿನ ಕೆಳಗೆ ಬಿಲ್ಲೆ ಒಣಗಿ ನಡುವೆ ಮತ್ತೆ ಹನಿ ಹಾಕಬೇಕಾಗುತ್ತದೆ. ಬೇಸಿಗೆಯಲ್ಲಿ ಇನ್ನೊಂದು ರಗಳೆ: ಬೆನ್ನುಹುರಿಗೆ ಪೆಟ್ಟಾದವರಲ್ಲಿ ಕೆಲವರಿಗೆ ಪೆಟ್ಟಿನ ಕೆಳಗೆ ಬೆವರುವುದು ನಿಂತು ಮುಖ-ತಲೆ ಮಾತ್ರ ಬೆವರುತ್ತದೆ, ಗೆರೆಗಳು ತೇಲಾಡತೊಡಗುತ್ತವೆ.

ಲ್ಯಾಬಿನ ಸ್ಟೂಲಿನ ಮೇಲೆ ಕಾಣದ ಒಂದು ಸಮಸ್ಯೆ ವೀಲ್‌ಚೇರ್‌ನಲ್ಲಿ ತಪ್ಪದೇ ಬರುತ್ತದೆ: ಹೆಡ್‌ರೆಸ್ಟ್. ಕತ್ತಿನ ಬಲ ಇಲ್ಲದವರಿಗೆ ಅದು ಬೇಕೇ ಬೇಕು. ಆದರೆ ಹಿಂದಲೆಯ ಸೆನ್ಸರ್‌ಗಳು ಸರಿಯಾಗಿ ಅದರ ಮೇಲೆಯೇ ಒರಗುತ್ತವೆ. ಟೈಲ್ಸ್ ಸಂದಿ ದಾಟಿದ ಪ್ರತಿ ಸಲ ಬಿಲ್ಲೆ ಚರ್ಮದ ಮೇಲೆ ಉಜ್ಜುತ್ತದೆ, ಪರದೆಯಲ್ಲಿ ಗುಡ್ಡದಂಥ ಅಲೆ ಏಳುತ್ತದೆ. ಉಳಿದೆಲ್ಲವನ್ನೂ ಹೋಲಿಸಿ ಅಳೆಯುವ, ಕಿವಿಯ ಹಿಂದಿನ ರೆಫರೆನ್ಸ್ ಬಿಲ್ಲೆ ಎದ್ದರಂತೂ 14ಕ್ಕೆ 14ರೂ ಹೋದವು. ಕತ್ತಿನ ಕೆಳಭಾಗಕ್ಕೆ ಆಸರೆ ಕೊಟ್ಟು ಹಿಂದಲೆಯನ್ನು ಬಿಡುವ, ಎರಡು ಹೋಳಿನ ಹೆಡ್‌ರೆಸ್ಟ್ ಹಾಕಿಸಬೇಕು. ಹೆಡ್‌ಸೆಟ್‌ನ ಯುಎಸ್‌ಬಿ ರಿಸೀವರನ್ನು ಸೀಟಿನ ಕೆಳಗಿನ ಕಂಪ್ಯೂಟರಿಗೆ ನೇರ ಚುಚ್ಚಬೇಡಿ. ನಡುವೆ ದೇಹ, ಬ್ಯಾಟರಿ, ಕಬ್ಬಿಣ ಎಲ್ಲ ಅಡ್ಡ. ಒಂದು ಮೀಟರ್ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಬೆನ್ನೊರಗಿನ ಮೇಲ್ತುದಿಗೆ ತನ್ನಿ. ಮೋಟರ್ ವೈರ್‌ಗಳನ್ನು ಒಂದಕ್ಕೊಂದು ಹೊಸೆದು ಕೆಳಗೇ ಕಟ್ಟಿ. ಕುರ್ಚಿ ನಿಂತಾಗ ಗೆರೆ ಶುದ್ಧ, ಓಡುವಾಗ ಗಲೀಜು ಅಂದರೆ ಕಾರಣ ಒಂದೋ ಅಲುಗಾಟ, ಒಂದೋ ಮೋಟರ್ ವೈರ್. ಮನೆಯ ಕರೆಂಟಿನ 50 ಹರ್ಟ್ಸ್ ಗುಂಯ್ ಅನ್ನುವ ಸದ್ದನ್ನು ಫಿಲ್ಟರ್ ತೆಗೆಯುತ್ತದೆ. ಆದರೂ ಲ್ಯಾಪ್‌ಟಾಪ್ ಚಾರ್ಜರ್ ಚುಚ್ಚಿದ್ದಾಗ ಕಲಿಸಬೇಡಿ.

ಈಗ ಲೆಕ್ಕಕ್ಕೆ ಬರೋಣ. ‘90 ಪರ್ಸೆಂಟ್ ನಿಖರತೆ’ ಅನ್ನುವುದು ಬ್ರೋಷರ್‌ನ ಅಚ್ಚುಮೆಚ್ಚಿನ ಮಾತು. ಎರಡು ಸೆಕೆಂಡಿಗೊಂದು ಆಜ್ಞೆ ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 30, ಅದರಲ್ಲಿ 3 ತಪ್ಪು. ನಡುಮನೆಯಿಂದ ಅಡುಗೆಮನೆಗೆ 8 ಮೀಟರ್, ಗಂಟೆಗೆ 2 ಕಿ.ಮೀ. ವೇಗದಲ್ಲಿ ಹದಿನೈದು ಸೆಕೆಂಡಿನ ದಾರಿ, ಏಳು ಆಜ್ಞೆ. ಏಳಕ್ಕೆ ಏಳೂ ಸರಿ ಬರುವ ಸಾಧ್ಯತೆ ಅರ್ಧಕ್ಕಿಂತ ಕಡಿಮೆ. ಅಂದರೆ ಸರಾಸರಿ ಎರಡು ಸಲ ಹೊರಟರೆ ಒಂದು ಸಲವಾದರೂ ಎಲ್ಲೋ ಸೊಟ್ಟ ತಿರುಗುತ್ತದೆ. ನಿಲ್ಲಿಸುವ ಆಜ್ಞೆಗೆ ಎರಡು ಸೆಕೆಂಡ್ ಹಿಡಿದರೆ ಅದೇ ವೇಗದಲ್ಲಿ ಕುರ್ಚಿ 1.1 ಮೀಟರ್ ಮುಂದೆ ಹೋಗಿರುತ್ತದೆ, 6 ಕಿ.ಮೀ. ವೇಗದಲ್ಲಾದರೆ 3.3 ಮೀಟರ್. ಹಳೇ ಮನೆಯ ಬಾಗಿಲು 75 ಸೆಂಟಿಮೀಟರ್, ಕುರ್ಚಿಯ ಅಗಲ 60ಕ್ಕೂ ಮೇಲೆ. ಎರಡೂ ಪಕ್ಕ ಏಳು ಸೆಂಟಿಮೀಟರ್ ಬಿಟ್ಟು ನುಗ್ಗಿಸುವುದು ಜಾಯ್‌ಸ್ಟಿಕ್ ಹಿಡಿದವರಿಗೇ ಬೆವರು ತರಿಸುವ ಕೆಲಸ.

ಗಂಭೀರವಾಗಿ ಕೆಲಸ ಮಾಡಿದವರಿಗೆ ಇದು ಮೊದಲಿಂದ ಗೊತ್ತಿತ್ತು. ಜಪಾನಿನ ರಿಕೆನ್ ಸಂಸ್ಥೆ ಮತ್ತು ಟೊಯೊಟಾ 2009ರಲ್ಲಿ ತೋರಿಸಿದ ಕುರ್ಚಿ ಮಿದುಳಿನ ಅಲೆಯನ್ನು 125 ಮಿಲಿಸೆಕೆಂಡಿಗೊಮ್ಮೆ ಬಿಡಿಸುತ್ತಿತ್ತು. ನಿಖರತೆ 95 ಪರ್ಸೆಂಟ್‌ವರೆಗೆ ಎಂದು ಹೇಳಿದ್ದರು. ಅಷ್ಟಾದರೂ ನಿಲ್ಲಿಸುವುದನ್ನು ಅವರು ಮಿದುಳಿಗೆ ಬಿಡಲಿಲ್ಲ. ಕೆನ್ನೆಗೆ ಬೇರೆಯೇ ಒಂದು ಸೆನ್ಸರ್ ಅಂಟಿಸಿ, ಕೆನ್ನೆ ಉಬ್ಬಿಸಿದರೆ ನಿಲ್ಲುವಂತೆ ಮಾಡಿದ್ದರು. ಇವತ್ತು ಯಾವ ಜೋಡಣೆ ನೋಡಲು ಹೋದರೂ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ನಿಮ್ಮದರಲ್ಲಿ ಆ ಕೆನ್ನೆ ಎಲ್ಲಿದೆ?

2022ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಹೋಸೆ ಮಿಯ್ಯಾನ್ ಅವರ ತಂಡ ಪ್ರಕಟಿಸಿದ ಕೆಲಸ ಈ ವಿಷಯದಲ್ಲಿ ನಂಬಬಹುದಾದ ಅಳತೆಗೋಲು. ಕೈಕಾಲು ನಾಲ್ಕೂ ಸ್ವಾಧೀನವಿಲ್ಲದ ಮೂವರು, 31 ಸೆನ್ಸರಿನ ಟೋಪಿ. ಎರಡೂ ಕೈ ಆಡಿಸಿದಂತೆ ಎಣಿಸಿದರೆ ಒಂದು ಪಕ್ಕಕ್ಕೆ, ಎರಡೂ ಕಾಲು ಎಣಿಸಿದರೆ ಇನ್ನೊಂದು ಪಕ್ಕಕ್ಕೆ. ಏನೂ ಎಣಿಸದಿದ್ದರೆ ಕುರ್ಚಿ ನೇರ. ವಾರಕ್ಕೆ ಮೂರು ಸಲದವರೆಗೆ, ಎರಡರಿಂದ ಐದು ತಿಂಗಳು ಅಭ್ಯಾಸ. ಶುರುವಿನಲ್ಲಿ ಮೂವರ ನಿಖರತೆಯೂ 43ರಿಂದ 55 ಪರ್ಸೆಂಟ್ ನಡುವೆ. ಒಬ್ಬರು 95 ದಾಟಿದರು, ಇನ್ನೊಬ್ಬರು ನಡುವೆ 98 ಮುಟ್ಟಿದರು. ಮತ್ತೊಬ್ಬರಿಗೆ ಅಂಥ ಏರಿಕೆ ಬರಲೇ ಇಲ್ಲ. ಕೊನೆಗೆ ಮಂಚ, ಅಡ್ಡ ಪರದೆ ಇಟ್ಟ ಆಸ್ಪತ್ರೆ ಕೋಣೆಯಲ್ಲಿ ದಾರಿ ಮುಗಿಸಿದವರು ಇಬ್ಬರೇ. ಅದೂ ಕುರ್ಚಿಯ ಸ್ವಂತ ಸೆನ್ಸರ್‌ಗಳು ಸುತ್ತಲನ್ನು ನೋಡುತ್ತ ನೆರವಾಗುತ್ತಿದ್ದಾಗ. ಮೂವರಲ್ಲಿ ಇಬ್ಬರು ಅನ್ನುವುದು ನಿಜಕ್ಕೂ ದೊಡ್ಡ ಸಾಧನೆ. ಆದರೆ ದುಡ್ಡು ಕಟ್ಟುವ ಮನೆಯವರು ಕಾಣಬೇಕಾದ್ದು ಆ ತಿಂಗಳುಗಳನ್ನು, ಆ ಮೂರನೆಯವರನ್ನು. ‘ಒಂದು ವಾರದಲ್ಲಿ ಕಲಿಸಿಕೊಡುತ್ತೇವೆ’ ಅನ್ನುವವರಿಗೆ ಇಷ್ಟು ಹೇಳಿ ನೋಡಿ.

ಬೇರೆ ಎರಡು ದಾರಿಗಳೂ ಇವೆ. ಪರದೆಯ ಮೇಲೆ ‘ಅಡುಗೆಮನೆ’, ‘ಹಾಸಿಗೆ’, ‘ಜಗುಲಿ’ ಎಂಬ ಚೌಕಗಳು ಒಂದಾದ ಮೇಲೊಂದು ಮಿನುಗುತ್ತವೆ. ಬೇಕಾದ್ದು ಮಿನುಗಿದ ಸುಮಾರು 300 ಮಿಲಿಸೆಕೆಂಡಿಗೆ ಮಿದುಳಿನಲ್ಲಿ ಒಂದು ಅಲೆ ಏಳುತ್ತದೆ. ಇದಕ್ಕೆ ಪಿ300 ಅಂತಾರೆ. ಸಿಂಗಪುರದಲ್ಲಿ ಮೊದಲೇ ಗುರುತು ಮಾಡಿದ ದಾರಿಗಳ ಮೇಲೆ ಕುರ್ಚಿ ತಾನೇ ಹೋಗುವಂತೆ ಇದನ್ನು ಬಳಸಿದ್ದಾರೆ. ಕಲಿಕೆ ಕಡಿಮೆ, ತಪ್ಪೂ ಕಡಿಮೆ. ಆದರೆ ಒಂದು ಆಯ್ಕೆಗೆ ಹಲವು ಸೆಕೆಂಡ್ ಬೇಕು, ಹಾಗಾಗಿ ನಿಲ್ಲಿಸಲು ಇದೊಂದನ್ನೇ ನಂಬುವಂತಿಲ್ಲ. ಇನ್ನೊಂದು, ಬೇರೆಬೇರೆ ವೇಗದಲ್ಲಿ ಮಿಣುಗುಟ್ಟುವ ದೀಪಗಳನ್ನು ದಿಟ್ಟಿಸುವುದು. ವೇಗವಾಗಿದೆ, ಆದರೆ ದೀಪ ನೋಡುತ್ತ ದಾರಿ ನೋಡಲಾಗದು. ಕಣ್ಣು ಅಷ್ಟು ಚೆನ್ನಾಗಿ ಹೊರಳುವುದಾದರೆ ಕಣ್ಣಿನ ನೋಟ ಹಿಂಬಾಲಿಸುವ ಕ್ಯಾಮೆರಾವೇ ಸಾಕು. ಮೂರ್ಛೆ ರೋಗ ಇರುವವರು ಈ ದೀಪದ ಸಹವಾಸಕ್ಕೆ ಹೋಗಲೇಬಾರದು.

ತಲೆಬುರುಡೆಯೊಳಗೆ ಇಡುವ ಸಾಧನಗಳದ್ದು ಬೇರೆಯೇ ಮಟ್ಟ. ನ್ಯೂರಾಲಿಂಕ್ ಕಂಪನಿ 2024ರ ಜನವರಿಯಲ್ಲಿ ಮೊದಲ ಮನುಷ್ಯನಿಗೆ ಅಳವಡಿಸಿದ್ದರಲ್ಲಿ 64 ಎಳೆ, 1,024 ವಿದ್ಯುದ್ವಾರ. ಕೆಲವು ಎಳೆ ಹಿಂದೆ ಜಾರಿ, ತಂತ್ರಾಂಶ ಬದಲಿಸಿ ಸರಿದೂಗಿಸಿಕೊಂಡರು. ಅದು ಪ್ರಯೋಗ, ಅಂಗಡಿ ಸಾಮಾನಲ್ಲ. ಇಲ್ಲಿಗೆ ಬಿಡೋಣ.

ನಿಲ್ಲುವ ವ್ಯವಸ್ಥೆ ಹೇಗಿರಬೇಕು? ಕಂಪ್ಯೂಟರ್ ಕೊಡುವ ‘ಮುಂದೆ’ ಒಂದು ಸಲ ಹೇಳಿ ಮರೆಯುವಂಥದ್ದಾಗಿರಬಾರದು. ಸೆಕೆಂಡಿಗೆ ಐದು ಸಲವಾದರೂ ಮತ್ತೆ ಮತ್ತೆ ಬರುತ್ತಿರಬೇಕು, ಬರದಿದ್ದರೆ ಸರ್ಕ್ಯೂಟ್ ತಾನಾಗಿ ನಡುಸ್ಥಿತಿಗೆ, ಅಂದರೆ ಕುರ್ಚಿ ನಿಲ್ಲುವ ಸ್ಥಿತಿಗೆ, ಮರಳಬೇಕು. ತಂತ್ರಾಂಶ ಹ್ಯಾಂಗ್ ಆಗುವುದು ಬರಲಿರುವ ಘಟನೆ, ಬಂದರೆ ಅಲ್ಲ, ಬಂದಾಗ. ಅಗ್ಗದ ಜೋಡಣೆಯಲ್ಲಿ ಜಾಯ್‌ಸ್ಟಿಕ್ ಬಿಚ್ಚಿ ಅದರ ವೈರ್‌ಗೆ ಸುಳ್ಳು ವೋಲ್ಟೇಜ್ ಕೊಡುತ್ತಾರೆ. ಹಲವು ಜಾಯ್‌ಸ್ಟಿಕ್‌ಗಳಲ್ಲಿ ನಡುಸ್ಥಿತಿ ಸುಮಾರು 2.5 ವೋಲ್ಟ್. ಒಳ್ಳೆಯ ಕಂಟ್ರೋಲರ್‌ಗಳು ಪ್ರತಿ ದಿಕ್ಕಿಗೂ ಎರಡೆರಡು ಸಂಕೇತ ಹೋಲಿಸುತ್ತವೆ, ಒಂದನ್ನೇ ಬದಲಿಸಿದರೆ ದೋಷ ತೋರಿಸಿ ಬ್ರೇಕ್ ಹಾಕುತ್ತವೆ. ಆಗ ಕೆಲವರು ಆ ಎರಡನ್ನೂ ಒಟ್ಟಿಗೆ ಬೆಸೆದುಬಿಡುತ್ತಾರೆ. ಅದು ಸುರಕ್ಷತೆಯ ಬೇಲಿಯನ್ನೇ ಕಿತ್ತ ಹಾಗೆ. ವಾರಂಟಿ ಹೋಗುವುದು ಬೇರೆ ಮಾತು. ಸರಿಯಾದ ದಾರಿ, ಹೊರಗಿನ ಸ್ವಿಚ್ ಅಥವಾ ಜಾಯ್‌ಸ್ಟಿಕ್‌ಗೆ ಕಂಪನಿಯೇ ಬಾಗಿಲಿಟ್ಟಿರುವ ಕಂಟ್ರೋಲರ್. ಆರ್-ನೆಟ್ ಎಂಬ ಕಂಟ್ರೋಲರ್‌ನ ಆಮ್ನಿ ಮಾಡ್ಯೂಲ್ ಅಂಥದ್ದು, ಒಂಬತ್ತು ಪಿನ್ನಿನ ಪೋರ್ಟ್ ಇರುತ್ತದೆ. ದುಬಾರಿ ಕುರ್ಚಿಗಳಲ್ಲೇ ಸಿಗುತ್ತದೆ ಅನ್ನುವುದೊಂದು ಕೊರತೆ.

ಕೆಂಪು ಗುಂಡಿ ಎರಡು ಬೇಕು. ಒಂದು ಕುರ್ಚಿಯ ಹಿಂದೆ ತಂತಿಯಲ್ಲಿ, ಇನ್ನೊಂದು ಜೊತೆಗಿರುವವರ ಕೈಯಲ್ಲಿ ರೇಡಿಯೊದಲ್ಲಿ. ರೇಡಿಯೊ ಗುಂಡಿಯ ಸಂಪರ್ಕ ತಪ್ಪಿದರೂ ಕುರ್ಚಿ ನಿಲ್ಲಬೇಕು. ಎಲೆಕ್ಟ್ರೋಮ್ಯಾಗ್ನೆಟಿಕ್ ಬ್ರೇಕ್ ಕರೆಂಟ್ ಇದ್ದಾಗ ಬಿಡುತ್ತದೆ, ಹೋದಾಗ ಹಿಡಿಯುತ್ತದೆ. ‘ಟಕ್’ ಎಂಬ ಸದ್ದು ಕೇಳಿಸುತ್ತದೆ. ಆ ಸದ್ದಿಗೆ ಕಿವಿ ಕೊಡುವುದನ್ನು ಮನೆಯವರು ಕಲಿಯಲಿ. ತಳ್ಳಿಕೊಂಡು ಹೋಗಲು ಚಕ್ರದ ಪಕ್ಕದ ಲಿವರನ್ನು ಬಿಡಿಸಿಟ್ಟಿದ್ದರೆ ಬ್ರೇಕ್ ಚಕ್ರವನ್ನು ಹಿಡಿಯುವುದಿಲ್ಲ. ಇಳಿಜಾರಿನಲ್ಲಿ ಹೀಗಾದರೆ ಯಾವ ಗುಂಡಿ ಒತ್ತಿಯೂ ಪ್ರಯೋಜನವಿಲ್ಲ. ಪೂರ್ತಿ ವೇಗದಿಂದ ಕರೆಂಟ್ ಕಡಿದರೆ ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ, ಆದ್ದರಿಂದ ಎದೆಪಟ್ಟಿ ಕಡ್ಡಾಯ, ವೇಗ 2 ಕಿ.ಮೀ.ಗೆ ಕಟ್ಟಿಹಾಕಿರಬೇಕು. ಅಡಚಣೆ ಹಿಡಿಯುವ ಅಲ್ಟ್ರಾಸಾನಿಕ್ ಸೆನ್ಸರ್‌ಗಳು ಗೋಡೆಯನ್ನು ಹಿಡಿಯುತ್ತವೆ, ದಪ್ಪ ಪರದೆಬಟ್ಟೆ ಸದ್ದನ್ನು ನುಂಗಿದರೆ ಮೋಸಹೋಗುತ್ತವೆ. ಲೇಸರ್ ಆದರೆ ಗಾಜಿನ ಬಾಗಿಲನ್ನು ದಾಟಿ ನೋಡುತ್ತದೆ. ಮುಂದಕ್ಕೆ ಮುಖ ಮಾಡಿದ ಯಾವುದೂ ಕೆಳಗಿಳಿಯುವ ಮೆಟ್ಟಿಲನ್ನು ಕಾಣದು. ಅದಕ್ಕೆ ನೆಲದತ್ತ ಬಾಗಿಸಿದ ಸೆನ್ಸರೇ ಬೇಕು.

ಹೊಸ್ತಿಲಿನ ವಿಷಯ ಯಾವ ಬ್ರೋಷರ್‌ನಲ್ಲೂ ಬರುವುದಿಲ್ಲ. ನಾಲ್ಕು ಇಂಚಿನ ಹೊಸ್ತಿಲಿಗೆ 1:12ರ ಲೆಕ್ಕದಲ್ಲಿ ನಾಲ್ಕು ಅಡಿ ಇಳಿಜಾರು ಹಲಗೆ ಬೇಕು, ಎರಡೂ ಪಕ್ಕ. ಇಲ್ಲದಿದ್ದರೆ ಮುಂದಿನ ಸಣ್ಣ ಚಕ್ರ ತಗುಲಿ ನಿಲ್ಲುತ್ತದೆ, ಕಂಪ್ಯೂಟರ್ ‘ಮುಂದೆ’ ಎಂದು ತಳ್ಳುತ್ತಲೇ ಇರುತ್ತದೆ, ಮೋಟರ್ ಬಿಸಿಯಾಗುತ್ತದೆ, ಆಮೇಲೆ ಚಕ್ರ ಒಮ್ಮೆಲೇ ಜಿಗಿದು ಆಚೆ ಬೀಳುತ್ತದೆ.

ಕೊಳ್ಳುವ ಮುಂಚೆ ನಿಮ್ಮ ಮನೆಯಲ್ಲೇ, ಕೂರುವವರನ್ನೇ ಕೂರಿಸಿ ಹೀಗೆ ಮಾಡಿಸಿ. ಕುರ್ಚಿಯ ಚೌಕಟ್ಟನ್ನು ಗಟ್ಟಿ ಸ್ಟ್ಯಾಂಡಿನ ಮೇಲೆ ಕೂರಿಸಿ ಓಡುವ ಎರಡೂ ಚಕ್ರ ನೆಲ ಬಿಡುವಂತೆ ಎತ್ತಿ ನಿಲ್ಲಿಸಿ. ಚಕ್ರ ತಿರುಗಿದರೂ ಕುರ್ಚಿ ಎಲ್ಲೂ ಹೋಗದು. ಈಗ ಅರ್ಧ ಗಂಟೆ ಏನೂ ಆಜ್ಞೆ ಕೊಡಬೇಡಿ. ಅವರು ಧಾರಾವಾಹಿ ನೋಡಲಿ, ಕಾಫಿ ಕುಡಿಯಲಿ, ಕೆಮ್ಮಲಿ, ಮನೆಯವರ ಜೊತೆ ಹರಟೆ ಹೊಡೆಯಲಿ, ನಡುವೆ ಮಿಕ್ಸಿ ಹಾಕಿ. ಅಷ್ಟರಲ್ಲಿ ಚಕ್ರ ಎಷ್ಟು ಸಲ ತಾನಾಗಿ ತಿರುಗಿತು ಎಂದು ಎಣಿಸಿ. ಒಂದು ಸಲ ತಿರುಗಿದರೂ ಕೇಳಿ, ಯಾಕೆ ತಿರುಗಿತು ಎಂದು. ಉತ್ತರ ಸಿಗದಿದ್ದರೆ ಕಳಿಸಿಬಿಡಿ. ಆಮೇಲೆ ಚಕ್ರ ತಿರುಗುತ್ತಿರುವಾಗ ಹೆಡ್‌ಸೆಟ್ ತೆಗೆಯಿರಿ, ರಿಸೀವರ್ ಕೀಳಿ, ತಂತ್ರಾಂಶ ಮುಚ್ಚಿ. ಮೂರರಲ್ಲೂ ಒಂದು ಸೆಕೆಂಡಿನೊಳಗೆ ‘ಟಕ್’ ಕೇಳಿಸಬೇಕು. ಕೊನೆಗೆ ನೆಲಕ್ಕಿಳಿಸಿ, ನೀವು ‘ನಿಲ್ಲಿ’ ಅಂದಾಗಲೆಲ್ಲ ಕೂತವರು ನಿಲ್ಲಿಸಲಿ, 20 ಸಲ. ಪ್ರತಿ ಸಲ ಎಷ್ಟು ದೂರ ಹೋಗಿ ನಿಂತಿತು ಎಂದು ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿ. ನೋಡಬೇಕಾದ್ದು ಸರಾಸರಿಯನ್ನಲ್ಲ, ಎಲ್ಲಕ್ಕಿಂತ ದೂರದ ಗುರುತನ್ನು. ಇದೇ ಪರೀಕ್ಷೆಯನ್ನು ಇನ್ನೊಂದು ದಿನ, ಸಂಜೆ, ದಣಿವಾದ ಮೇಲೆ ಮತ್ತೆ ಮಾಡಿ.

ಹಾಗಾದರೆ ಯಾರು ಕೊಳ್ಳಬಹುದು? ಕತ್ತು, ಗದ್ದ, ನಾಲಿಗೆ, ತುಟಿ, ಇದರಲ್ಲಿ ಯಾವುದೊಂದು ನೆಚ್ಚುವಂತೆ ಚಲಿಸಿದರೂ ಮಿದುಳಿನ ಹೆಡ್‌ಸೆಟ್ ಎರಡನೇ ಮಾತು. ಗದ್ದದ ಜಾಯ್‌ಸ್ಟಿಕ್, ತಲೆಯ ಹಿಂದೆ ಮತ್ತು ಪಕ್ಕ ಸ್ವಿಚ್ ಇರುವ ಹೆಡ್ ಅರೇ, ಕೊಳವೆ ಊದಿ-ಹೀರಿ ನಡೆಸುವ ವ್ಯವಸ್ಥೆ: ಇವೆಲ್ಲ ದಶಕಗಳಿಂದ ಬಳಕೆಯಲ್ಲಿವೆ, ಎಣ್ಣೆ ಹಚ್ಚಿದ ದಿನವೂ ಕೆಲಸ ಮಾಡುತ್ತವೆ. ನಾಲಿಗೆಗೆ ಸಣ್ಣ ಅಯಸ್ಕಾಂತ ಚುಚ್ಚಿಸಿಕೊಂಡು ನಡೆಸುವ ಜಾರ್ಜಿಯಾ ಟೆಕ್‌ನ ಸಾಧನ 2013ರ ಪರೀಕ್ಷೆಯಲ್ಲಿ ಊದುಕೊಳವೆಗಿಂತ ಸುಮಾರು ಮೂರು ಪಟ್ಟು ವೇಗ, ಅಷ್ಟೇ ನಿಖರತೆ ತೋರಿಸಿತ್ತು. ಮಿದುಳಿನ ಕುರ್ಚಿಯ ಸರದಿ ಬರುವುದು ಸ್ನಾಯುಗಳನ್ನು ಒಂದೊಂದಾಗಿ ಸೋಲಿಸುವ ಎಎಲ್‌ಎಸ್‌ನಂಥ ಕಾಯಿಲೆಯ ಕೊನೆಯ ಹಂತಗಳಲ್ಲಿ, ಅಥವಾ ಮಿದುಳಕಾಂಡದ ಸ್ಟ್ರೋಕ್ ಆಗಿ ಕಣ್ಣಲ್ಲದೆ ಬೇರೇನೂ ಆಡದವರಿಗೆ. ಕೆನ್ನೆ ಉಬ್ಬಿಸಿ ನಿಲ್ಲಿಸಲೂ ಆಗದವರು ಇವರೇ ಅನ್ನುವುದು ಕಹಿ. ಅಂಥವರ ಕುರ್ಚಿಯ ಪಕ್ಕದಲ್ಲಿ ಕೆಂಪು ಗುಂಡಿ ಹಿಡಿದವರು ಇರಲೇಬೇಕು, ಹಾಗಾಗಿ ‘ಯಾರ ನೆರವೂ ಬೇಡ’ ಎಂಬ ಜಾಹೀರಾತು ಅವರ ಮಟ್ಟಿಗೆ ಸುಳ್ಳು. ಆದರೂ, ತಾನೇ ಕಿಟಕಿಯ ಕಡೆ ತಿರುಗಲು ಆಗುವುದು ಅವರಿಗೆ ಸಣ್ಣ ವಿಷಯವಲ್ಲ. ತೆರೆದ ದೊಡ್ಡ ಕೋಣೆಯಲ್ಲಿ, ಇದ್ದಲ್ಲೇ ಎಡಬಲಕ್ಕೆ ತಿರುಗುವಷ್ಟಕ್ಕೆ ಎರಡು ಆಜ್ಞೆ ಕಟ್ಟಿಕೊಟ್ಟರೆ ಈ ಹೆಡ್‌ಸೆಟ್ ಕೊಟ್ಟ ದುಡ್ಡಿಗೆ ನ್ಯಾಯ ಮಾಡೀತು.

ಓಡುವುದರ ಗುಂಗಿನಲ್ಲಿ ಮಾರುವವರೂ ಕೊಳ್ಳುವವರೂ ಮರೆಯುವ ಒಂದು ಆಜ್ಞೆ ಇದೆ: ಸೀಟನ್ನು ಹಿಂದಕ್ಕೆ ಬಾಗಿಸುವುದು. ತಾನಾಗಿ ಅಲುಗಾಡದವರಿಗೆ ಹದಿನೈದು-ಇಪ್ಪತ್ತು ನಿಮಿಷಕ್ಕೊಮ್ಮೆ ಕೂತ ಭಾರ ಬದಲಾಗದಿದ್ದರೆ ಒತ್ತಡದ ಹುಣ್ಣು ಶುರುವಾಗುತ್ತದೆ. ಎರಡೇ ಆಜ್ಞೆ ಸಿಗುವುದಾದರೆ, ತಿರುಗುವುದನ್ನೂ ಬಿಟ್ಟು, ಒಂದನ್ನು ಸೀಟ್ ಬಾಗಿಸಲು ಇಡಿ, ಇನ್ನೊಂದನ್ನು ಕರೆಗಂಟೆಗೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ಪುನಶ್ಚೇತನ ವಿಭಾಗ, ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ, ಜೆ.ಪಿ. ನಗರದ ಮೊಬಿಲಿಟಿ ಇಂಡಿಯಾ ಇವುಗಳಲ್ಲಿ ಒಂದು ಕಡೆಯಾದರೂ ಮೊದಲು ತೋರಿಸಿ, ಸೀಟು, ದಿಂಬು, ಹೆಡ್‌ರೆಸ್ಟ್ ಅಳತೆ ಮಾಡಿಸಿ. ಅಳತೆಗೆ ಹೋಗುವಾಗ ಮನೆಯ ಬಾಗಿಲುಗಳ ಅಗಲ, ಹೊಸ್ತಿಲಿನ ಎತ್ತರ, ಬಚ್ಚಲುಮನೆ ತಿರುವಿನ ಜಾಗ ಬರೆದುಕೊಂಡು ಹೋಗಿ. ಟೇಪ್ ಹಿಡಿಯುವಾಗ ಚೌಕಟ್ಟಿನಿಂದ ಚೌಕಟ್ಟಿಗೆ ಅಲ್ಲ, ಬಾಗಿಲು ತೆರೆದಿಟ್ಟು ಅದರ ಹಲಗೆಯಿಂದ ಎದುರು ಚೌಕಟ್ಟಿಗೆ ಅಳೆಯಿರಿ. ಮೂರ್ನಾಲ್ಕು ಸೆಂಟಿಮೀಟರ್ ಅಲ್ಲೇ ಕಳೆದಿರುತ್ತದೆ.